ಅಲ್ಲಿ ಸರಿ ಇತ್ತು, ಇಲ್ಲಿ ಆಗ್ತಿಲ್ಲೆ

ನನ್ನ ಮೈದುನ ಇಷ್ಟು ವರ್ಷ ನನ್ನ ಕೈಯಡುಗೆ ಉಂಡು, ಒಂದೇ ಒಂದು ದಿನ ‘ಚೆನ್ನಾಗಿದೆ’ ಎಂದದ್ದನ್ನು ಕೇಳಿದವರಿದ್ದರೆ ಮುಂದೆ ಬನ್ನಿ, ಒಗ್ಗರಣೆ ಡಬ್ಬದ ಸಮೇತ ನನ್ನ ಅಡುಗೆಮನೆಯನ್ನೇ ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ! ಅವನು ಕೆಟ್ಟವನಲ್ಲ. ಬಡಿಸಿದ್ದನ್ನೆಲ್ಲ ಎಲೆ ತೊಳೆದಿಟ್ಟ ಹಾಗೆ ಉಣ್ಣುತ್ತಾನೆ. ಆದರೆ ಬಾಯಿ ಬಿಟ್ಟನೆಂದರೆ ಹೊರಬರುವುದು ಹೊಗಳಿಕೆಯಲ್ಲ, ವರದಿ.

“ಅತ್ತಿಗೆ, ಸಾರು ನಿನ್ನೆ ಸರಿ ಇತ್ತು. ಇವತ್ತು ಹುಳಿ ಜಾಸ್ತಿ. ನಡುವೆ ಎಂತ ಬದಲಾತು?”

“ಎಂತದೂ ಇಲ್ಲೆ, ತಮಾ.”

“ಎಂತದೂ ಬದಲಾಗದ್ದೆ ಹಾಳಪ್ಪಲೆ ಸಾಧ್ಯ ಇಲ್ಲೆ. ನೆನಪು ಮಾಡ್ಕ.”

ನೆನಪು ಮಾಡಿಕೊಂಡರೆ, ಹೌದು, ಹುಣಸೆಹಣ್ಣು ಹೊಸ ಡಬ್ಬಿಯದು. ಅವನು ತಪ್ಪು ಹೇಳಿದ್ದರೆ ಬೈದು ಸುಮ್ಮನಾಗಬಹುದಿತ್ತು. ಯಾವಾಗಲೂ ಸರಿಯನ್ನೇ ಹೇಳುವವನನ್ನು ಇಟ್ಟುಕೊಂಡು ಸಂಸಾರ ಮಾಡುವುದು ಹೇಗೆ? ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ, “ಹಾಳಾದ ದಿನ ಹೇಳ್ತೆ. ಒಳ್ಳೆದಾದ ದಿನ ಒಂದು ಮಾತು ಹೇಳಿರೆ ನಿನ್ನ ಗಂಟು ಎಂತ ಹೋಗ್ತು?”

ಅವನು ಮಜ್ಜಿಗೆ ಕಲಸಿಕೊಳ್ಳುತ್ತ ತಲೆ ಎತ್ತದೆ ಹೇಳಿದ: “ಸರಿ ಇದ್ದದ್ದಕ್ಕೆ ರಿಪೋರ್ಟ್ ಬರೆಯ ಪದ್ಧತಿ ಇಲ್ಲೆ, ಅತ್ತಿಗೆ.”

ಅವನ ಕೆಲಸವೇ ಅಂಥದ್ದು. ಪುಸ್ತಕದ ಪುಟ ಕಟ್ಟುವ, ಅಂದರೆ ಅಕ್ಷರ, ಸಾಲು, ಅಂಚುಗಳನ್ನೆಲ್ಲ ಅಚ್ಚಿಗೆ ಹದವಾಗಿ ಜೋಡಿಸಿಕೊಡುವ ಒಂದು ಮುಕ್ತ ತಂತ್ರಾಂಶ ಇದೆಯಂತೆ. ಅದಕ್ಕೆ ಯಜಮಾನ ಎಂಬವನಿಲ್ಲ. ಲೋಕದ ಮೂಲೆಮೂಲೆಯ ಜನ ಸೇರಿ ಬರೆದದ್ದು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ಆದರೆ ತೆಗೆದುಕೊಂಡವರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಕಟ್ಟಿ ನಿಲ್ಲಿಸಿಕೊಳ್ಳಬೇಕು. ಅದಕ್ಕೆ ಬಿಲ್ಡ್ ಎನ್ನುತ್ತಾರೆ. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಕಾದ ಮಡಕೆಯ ಬೆನ್ನಿಗೆ ತೆಳ್ಳಗೆ ಎರೆಯುವ ನಮ್ಮ ಸಿಹಿತಿಂಡಿ ತೊಡೆದೇವು ಮಾಡುವ ಕ್ರಮವನ್ನು ಒಬ್ಬರು ಹೇಳಿಕೊಡಬಹುದು, ಎರೆಯುವುದು ಅವರವರ ಮಡಕೆಯ ಮೇಲೆಯೇ. ಕ್ರಮ ಒಂದೇ ಆದರೂ ಒಬ್ಬರ ಮನೆಯಲ್ಲಿ ಅದು ಕಾಗದದ ಹಾಗೆ ಏಳುತ್ತದೆ, ಇನ್ನೊಬ್ಬರ ಮನೆಯಲ್ಲಿ ಮಡಕೆಗೇ ಕಚ್ಚಿಕೊಂಡು ಕೂರುತ್ತದೆ. ಎದ್ದವರು ತಿಂದು ಸುಮ್ಮನಾಗುತ್ತಾರೆ. ಏಳದವರು ‘ಅಲ್ಲಿ ಸರಿ ಇತ್ತು, ಇಲ್ಲಿ ಆಗುತ್ತಿಲ್ಲ’ ಎಂದು ದೂರು ಬರೆಯುತ್ತಾರೆ. ಆ ದೂರನ್ನೆಲ್ಲ ಓದಿ, ಏಕೆ ಏಳಲಿಲ್ಲ ಎಂದು ಸಿದ್ದಾಪುರ ಪೇಟೆಯಲ್ಲಿ, ನಮ್ಮ ಮನೆಗೆ ಅಂಟಿಕೊಂಡ ನನ್ನ ಯಜಮಾನರ ಔಷಧಿ ಅಂಗಡಿಯ ಮಾಳಿಗೆಯಲ್ಲಿ ಕುಳಿತು ಹುಡುಕುವ ಮಹಾನುಭಾವ ನನ್ನ ಮೈದುನ. ಸಂಬಳ? ಕೇಳಬೇಡಿ. ಹೊಟ್ಟೆಪಾಡಿಗೆ ಯಾರದೋ ಗಣಿತದ ಪುಸ್ತಕ, ಯಾರದೋ ಸಂಶೋಧನಾ ಪ್ರಬಂಧದ ಪುಟ ಕಟ್ಟಿಕೊಡುತ್ತಾನೆ. ಮನಸ್ಸು ಮಾತ್ರ ಯಾವಾಗಲೂ ಏಳದವರ ಮಡಕೆಯ ಮೇಲೆ.

ಈ ವಿದ್ಯೆ ಕಂಪ್ಯೂಟರಿನೊಳಗೇ ಇದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಅದು ಮೆಟ್ಟಿಲಿಳಿದು ಮನೆಗೂ ಬಂತು. ಒಮ್ಮೆ ನನ್ನ ಯಜಮಾನರಿಗೆ ಸೊಂಟ ಹಿಡಿಯಿತು. ದಿಂಬು ಬದಲಾಯಿಸಿದರು, ಎಣ್ಣೆ ಹಚ್ಚಿಸಿಕೊಂಡರು, ಮಂಚ ಬಿಟ್ಟು ಚಾಪೆಯ ಮೇಲೆ ಮಲಗಿದರು. ನೋವು ಹೋಯಿತು. ಮನೆಯವರೆಲ್ಲ ಉಸ್ಸಪ್ಪಾ ಎಂದರೆ ಇವನ ಮುಖ ಮಾತ್ರ ಸಣ್ಣಗಾಯಿತು.

“ಅಣ್ಣಾ, ಮೂರನ್ನೂ ಒಟ್ಟಿಗೆ ಬದಲಾಯಿಸ್ಬಿಟ್ಟೆ. ಈಗ ಯಾವ್ದರಿಂದ ಗುಣ ಆತು ಹೇಳಿ ಗೊತ್ತಪ್ಪದು ಹೆಂಗೆ? ಒಂದು ಸಲಕ್ಕೆ ಒಂದೇ ಬದಲಾಯ್ಸವು.”

“ಈಗ ಎಂತ ಮಾಡವು ಹೇಳ್ತೆ?”

“ಮತ್ತೊಂದ್ಸಲ ನೋವು ಬಂದ್ರೆ ಒಂದೊಂದಾಗಿ ನೋಡ್ಲಕ್ಕು.” ಆಸೆಯಿಂದಲೇ ಹೇಳಿದ.

ಹಾಗೆಂದು ಅವನ ವಿದ್ಯೆ ಪೂರ್ತಿ ಗಾಳಿಗುದ್ದಾಟ ಎಂದೂ ಹೇಳಲಾಗದು. ವಾನಳ್ಳಿಯಲ್ಲಿ ನನ್ನ ದೊಡ್ಡಮ್ಮನ ಮನೆಗೆ ಹೋದಾಗ ಗುಡ್ಡದ ಮೇಲಿನಿಂದ ಬರುವ ನೀರಿನ ಪೈಪು ಕಟ್ಟಿಕೊಂಡಿತ್ತು. ಮನೆಯ ಗಂಡಸರು ಮೇಲಿನ ತುದಿಯಿಂದ ಒಂದೊಂದೇ ಜೋಡಣೆ ಬಿಚ್ಚುತ್ತ ಇಳಿಯುತ್ತಿದ್ದರು. ಇವನು ಸೀದಾ ಪೈಪಿನ ನಡುಮಧ್ಯಕ್ಕೆ ಹೋಗಿ ಅಲ್ಲಿ ಬಿಚ್ಚಿದ. ನೀರು ಚಿಮ್ಮಿತು. ಹಾಗಾದರೆ ಮೇಲಿನ ಅರ್ಧ ನಿರಪರಾಧಿ. ಕೆಳಗಿನ ಅರ್ಧದ ನಡುವೆ ಬಿಚ್ಚಿದ, ನೀರಿಲ್ಲ. ಹೀಗೆ ಅರ್ಧ, ಅರ್ಧದರ್ಧ ಮಾಡುತ್ತ, ಉಳಿದವರು ಒಂದು ಎಲೆಯಡಿಕೆ ಕವಳ ಹಾಕಿ ಮುಗಿಸುವಷ್ಟರಲ್ಲಿ ಕಪ್ಪೆಯೊಂದನ್ನು ಹೊರಗೆಳೆದು ತೋರಿಸಿದ. ದೊಡ್ಡಪ್ಪನಿಗೆ ಆನಂದವೋ ಆನಂದ. “ಹುಷಾರಿ ಮಾಣಿ. ಎಂಗಕ್ಕೆ ಗೊತ್ತಿದ್ದಲ್ಲಿ ಒಂದು ಕೂಸಿದ್ದು, ಕೇಳನ” ಎಂದು ಹೆಣ್ಣಿನ ಮಾತೆತ್ತಿದರು. ಆಮೇಲೆ ಇವನ ಉದ್ಯೋಗ ಏನೆಂದು ವಿಚಾರಿಸಿದರು. ಆಮೇಲೆ ಕಪ್ಪೆಯ ಬಗ್ಗೆ ಮಾತಾಡಿದರು.

ನಾನು ನಗುವುದೇನೋ ನಗುತ್ತಿದ್ದೆ. ಆದರೆ ಒಳಗೊಳಗೇ ಒಂದು ಚಿಂತೆ ಇತ್ತು. ನಲವತ್ತು ದಾಟಿದ ಗಂಡಸು, ಜೊತೆಗೊಬ್ಬರು ಇಲ್ಲ. ನನ್ನ ಕೈಕಾಲು ಗಟ್ಟಿ ಇರುವಷ್ಟು ದಿನ ಬಡಿಸುತ್ತೇನೆ. ಆಮೇಲೆ? ಸಾರಿಗೆ ಹುಳಿ ಜಾಸ್ತಿಯಾಗಿದೆ ಎಂದು ಇವನು ಯಾರಿಗೆ ಹೇಳಬೇಕು?

ಹೆಣ್ಣು ನೋಡಲು ಹೋಗಿರಲಿಲ್ಲವೆಂದಲ್ಲ. ಹೇರೂರಿನಲ್ಲಿ ಹುಡುಗಿಯ ಸೋದರಮಾವ ಉಪ್ಪಿಟ್ಟು ತಿನ್ನುತ್ತ ಕೇಳಿದರು:

“ಮಾಣಿ ಉದ್ಯೋಗ ಎಂತದು?”

“ಪುಟ ಕಟ್ಟ ತಂತ್ರಾಂಶ ಇದ್ದು. ಅದು ಬೇರೆಯವಕ್ಕೆ ಬಿಲ್ಡ್ ಆಗದ್ದೆ ಇದ್ರೆ ಎಂತಕ್ಕೆ ಹೇಳಿ ಹುಡುಕ್ತೆ.”

“ಸಂಬಳ ಯಾರು ಕೊಡ್ತ?”

“ಯಾರೂ ಇಲ್ಲೆ.”

“ಹಂಗಾರೆ ಅದು ಯಾರದ್ದು?”

“ಎಲ್ಲರದ್ದೂ.”

ಸೋದರಮಾವ ತಟ್ಟೆ ಕೆಳಗಿಟ್ಟು ಕವಳದ ತಬಕು ಹತ್ತಿರಕ್ಕೆ ಎಳೆದುಕೊಂಡರು. ನಮ್ಮ ಕಡೆ ಮಾತಿನ ನಡುವೆ ಕವಳಕ್ಕೆ ಕೈ ಹಾಕಿದರೆಂದರೆ ಮಾತು ಮುಗಿಯಿತೆಂದೇ ಲೆಕ್ಕ. ಎರಡು ದಿನ ಬಿಟ್ಟು ಜಾತಕ ಕೂಡಿಬರಲಿಲ್ಲ ಎಂದು ಹೇಳಿಕಳಿಸಿದರು. ನಾವು ಜಾತಕವನ್ನು ಕೊಟ್ಟಿರಲೇ ಇಲ್ಲ!

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅವನಿಗೊಂದು ದೂರು ಬಂತು. ಬರೆದವರ ಹೆಸರಿನ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರ, ಅಷ್ಟೇ. ತಂತ್ರಾಂಶದ ಹಳೆಯ ಆವೃತ್ತಿ ಸರಿಯಾಗಿ ಕೆಲಸ ಮಾಡುತ್ತಿತ್ತು, ಹೊಸದನ್ನು ಬಿಲ್ಡ್ ಮಾಡಹೊರಟರೆ ಮೊದಲ ಹೆಜ್ಜೆಗೇ ಮುಗ್ಗರಿಸುತ್ತದೆ ಎಂಬ ದೂರು. ಇಂಥವು ದಿನಾ ಬರುತ್ತವೆ. ಆದರೆ ಸಾಮಾನ್ಯವಾಗಿ ದೂರು ಕೊಟ್ಟವರು ಇವನ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ, ‘ಆಗುತ್ತಿಲ್ಲ, ಬೇಗ ಸರಿಮಾಡಿ’ ಎಂದು ಕೂಗುತ್ತಾರಷ್ಟೆ. ಈ ಎರಡಕ್ಷರದವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಯಾವ ಆವೃತ್ತಿ, ಯಾವ ಕಂಪ್ಯೂಟರು, ಕೊನೆಗೆ ಸರಿ ಇದ್ದದ್ದು ಯಾವಾಗ, ಎಲ್ಲ. ಅಷ್ಟೇ ಅಲ್ಲ, ಇವನು ಹೇಳದೆಯೇ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿದರು!

ಅವತ್ತು ದೋಸೆ ತಿನ್ನುತ್ತ ಇವನ ಮುಖ ಬೆಳಗುತ್ತಿತ್ತು.

“ಯಾರಂವ?” ಎಂದೆ.

“ಗೊತ್ತಿಲ್ಲೆ. ಜರ್ಮನಿಯವ ಆಗಿರವು. ಅಷ್ಟು ಶಿಸ್ತು.”

ಅಂದಿನಿಂದ ನಮ್ಮ ಮನೆಯಲ್ಲಿ ಜರ್ಮನಿಯವನದೇ ಮಾತು. ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದವರು ಕೈ ತೊಳೆಯುವ ಮೊದಲೇ “ಜರ್ಮನಿಯವಂದು ಎಂತ ಆತು?” ಎಂದು ಕೇಳುವುದು ರೂಢಿಯಾಯಿತು. ಪತ್ರಗಳು ಇಂಗ್ಲಿಷಿನಲ್ಲಿ, ಡಿಯರ್ ಸರ್ ಎಂದು ಶುರುವಾಗಿ ರಿಗಾರ್ಡ್ಸ್ ಎಂದು ಮುಗಿಯುತ್ತ, ಯಾವ ಯಾವ ದೇಶದ ಕಂಪ್ಯೂಟರು ಸುತ್ತಿಯೋ ಹೋಗಿ ಬರುತ್ತಿದ್ದವು. ಬಿಲ್ಡ್ ಮಾತ್ರ ಆಗಲಿಲ್ಲ. ಕಾನ್ಫಿಗ್ ಫೈಲು, ಅಂದರೆ ‘ಹೀಗೆ ಹೀಗೆ ಕಟ್ಟು’ ಎಂದು ತಂತ್ರಾಂಶಕ್ಕೆ ಅಪ್ಪಣೆ ಕೊಡುವ ಕಡತ, ಅದನ್ನೂ ತರಿಸಿಕೊಂಡು ನೋಡಿದ. ಅದರಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ. ಇಲ್ಲಿ ಹಾಕಿದರೆ ಗುಂಡಿನಂತೆ ಓಡುತ್ತದೆ. ಅಲ್ಲಿ ಏಳುವುದಿಲ್ಲ.

ಒಂದು ಬೆಳಿಗ್ಗೆ ಮಾಳಿಗೆಯಿಂದ ಲ್ಯಾಪ್‌ಟಾಪು ಎದೆಗವಚಿಕೊಂಡು ಇಳಿದು ಬಂದ. ನಾನು ತೆಂಗಿನಕಾಯಿ ಹೆರೆಯುತ್ತಿದ್ದೆ. ಪರದೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು, “ಅತ್ತಿಗೆ, ಈ ಸಾಲು ಓದು” ಎಂದ. ಜರ್ಮನಿಯವನು ಕಳಿಸಿದ ಉದ್ದನೆಯ ಇಂಗ್ಲಿಷ್ ಗೋಳಿನ ನಡುವೆ ಒಂದು ಫೋಲ್ಡರಿನ ಹೆಸರು ಕನ್ನಡದಲ್ಲಿತ್ತು: ‘ಯಲ್ಲಾಪುರ ಭಜನೆ ಪುಸ್ತಕ.’

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದಲ್ಲವೆ? ಶಿರಸಿಯಲ್ಲಿ ಒಂದು ಬಸ್ಸು ಬದಲಾಯಿಸಿದರೆ ಮುಟ್ಟಬಹುದಾದ ಊರಿನವರ ಜೊತೆ ಈತ ಲೋಕ ಸುತ್ತಿಸಿ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದ. ಕೂಡಲೇ ಕನ್ನಡದಲ್ಲಿ ಬರೆದ. ಉತ್ತರವೂ ಕನ್ನಡದಲ್ಲಿ ಬಂತು, ವಿಳಾಸದ ಸಮೇತ. ಸಹಿ ಮಾತ್ರ ಮತ್ತದೇ ಎರಡಕ್ಷರ.

“ಇಲ್ಲಿ ಕೂತು ಆಗ್ತಿಲ್ಲೆ ಹೇಳಾದ್ರೆ ಅಲ್ಲಿಗೇ ಹೋಗಿ ನೋಡವು. ನೀನೂ ಬಾ, ಅತ್ತಿಗೆ. ಗುರುತಿಲ್ಲದ ಮನೆಗೆ ಒಬ್ನೇ ಹೋಪಲೆ ಸಂಕೋಚ” ಎಂದ. ಜರ್ಮನಿಯವನನ್ನು ಕಣ್ಣಾರೆ ನೋಡುವ ಆಸೆ ನನಗೂ ಇತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಹೊರಡಿಸಿದೆ.

ಯಲ್ಲಾಪುರದ ಆ ಮನೆಯ ಮುಂದಿನ ಕೋಣೆಯೇ ಅಂಗಡಿ, ಡಿ.ಟಿ.ಪಿ., ಝೆರಾಕ್ಸ್ ಎಂದು ಹಲಗೆ. ಬಾಗಿಲಲ್ಲಿ ನಿಂತವಳು ಮೂವತ್ತೈದು ದಾಟಿದ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಹೆಂಗಸು. ಇವನು ಅವಳ ಹಿಂದೆ ಇಣುಕಿ ನೋಡಿದ, ಜರ್ಮನಿಯವನು ಎಲ್ಲಾದರೂ ಇದ್ದಾನೆಯೇ ಎಂದು.

“ದೂರು ಬರೆದದ್ದು ಆನೇ. ಒಳಗೆ ಬನ್ನಿ. ನಿಂಗ ತಾಳ್ಮೆಯಿಂದ ಕೇಳದು ನೋಡಿ ಆನು ಹಾಲೆಂಡಿನ ಕಡೆಯವ್ರು ಹೇಳಿ ಮಾಡ್ಕಂಡಿದ್ದೆ” ಎಂದಳು.

ಇವನು “ಕಂಪ್ಯೂಟರ್ ಎಲ್ಲಿದ್ದು?” ಎಂದ.

ಅವರಿಬ್ಬರೂ ಪರದೆಯ ಮುಂದೆ ಕುಳಿತರು. ಅವಳ ಅಪ್ಪ ನನ್ನನ್ನು ಒಳಗೆ ಕರೆದು, “ಆಸರಿಗೆ ಎಂತ ಅಡ್ಡಿಲ್ಲೆ?” ಎಂದು ಕುಡಿಯಲು ಏನು ಬೇಕೆಂಬ ಉಪಚಾರ ಮಾಡಿ, ಮೆಲ್ಲಗೆ ಕೇಳತೊಡಗಿದರು. ಮಾಣಿ ನಿಮಗೇನಾಗಬೇಕು? ಮೈದುನ. ಮದುವೆ? ಇಲ್ಲ. ಯಾವ ಗೋತ್ರ? ನಾನು ಸಹಜವಾಗಿ ಹೇಳಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ತುಪ್ಪದಲ್ಲಿ ರವೆ ಹುರಿಯುವ ಪರಿಮಳ ಬಂತು. ನಮ್ಮ ಸೀಮೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ, ಇಸ್ತ್ರಿ ಅಂಗಿಯ ಮದುವೆಯಾಗದ ಗಂಡು, ಜೊತೆಗೆ ರೇಷ್ಮೆ ಸೀರೆಯ ಅತ್ತಿಗೆ, ಒಳಗೆ ಕೇಸರಿಬಾತು. ಇದಕ್ಕೆ ಇರುವುದು ಒಂದೇ ಅರ್ಥ! ತಮ್ಮ ಹುಡುಗಿ ಅಂಗಡಿ ಬಿಟ್ಟು ಬೇರೆ ಊರಿಗೆ ಬರುವುದಿಲ್ಲ ಎಂದು ಬಂದ ಸಂಬಂಧಗಳನ್ನೆಲ್ಲ ತಿರುಗಿಸಿದ್ದಾಳೆಂದು ಆಕೆಯ ಅಪ್ಪನೇ ಹೇಳಿದರು. ಹಾಗಲ್ಲ, ನಾವು ಬಂದದ್ದು ಬೇರೆ ಕೆಲಸಕ್ಕೆ ಎಂದು ಆಗಲೇ ತಿದ್ದಬಹುದಿತ್ತು. ಏಕೆ ತಿದ್ದಲಿ? ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ.

ಹೊರಕೋಣೆಯಿಂದ ಅವರ ಮಾತು ಕೇಳುತ್ತಿತ್ತು. ಎಲ್ಲವನ್ನೂ ಅಳಿಸಿ, ಮೊದಲಿನಿಂದ ನನ್ನೆದುರಿಗೇ ಮಾಡಿ ಎಂದಿದ್ದಾನೆ ಇವನು. ಅವಳು ಹೊಸ ಕಾನ್ಫಿಗ್ ಫೈಲು ತೆರೆದು ಟೈಪು ಮಾಡತೊಡಗಿದಳು. ನಾನೂ ಬಾಗಿಲಿಗೆ ಬಂದು ನಿಂತೆ.

“ಇದೆಂತದು?”

“ಯಾವ್ದು?”

“ಎಲ್ಲಕ್ಕಿಂತ ಮೇಲೆ ಬರೆದ್ರಲಿ, ಅದು.”

“ಅದು ಶ್ರೀ.”

ಹೌದು. ಮೊದಲ ಸಾಲಿನ ನಟ್ಟನಡುವೆ ‘ಶ್ರೀ’ ಎಂದಿತ್ತು. ನಮ್ಮಲ್ಲಿ ಮದುವೆಯ ಕರೆಯೋಲೆಗೆ ಮಾತ್ರವೇ? ಕಿರಾಣಿ ಚೀಟಿಗೂ ಮೇಲೆ ಶ್ರೀ ಬೇಕು. ಕಾನ್ಫಿಗ್ ಫೈಲು ಏನು ಪಾಪ ಮಾಡಿದೆ?

“ನಿಂಗ ಎಂಗೆ ಕಳ್ಸಿದ್ರಲ್ಲಿ ಇದು ಇತ್ತಿಲ್ಲೆ.”

“ಫೈಲಲ್ಲಿ ಇಪ್ಪದ್ನ ಕಳ್ಸಿ ಹೇಳಿದ್ರಿ. ಶ್ರೀ ಫೈಲಿನ ಒಳಗಿಂದಲ್ಲ. ಶುರು ಮಾಡಲೆ ಬರೆಯದು.”

ಹಳೆಯ ಆವೃತ್ತಿ ಆ ಶ್ರೀಯನ್ನು ಕಂಡೂ ಕಾಣದ ಹಾಗೆ ದಾಟಿಹೋಗುತ್ತಿತ್ತಂತೆ. ಹೊಸದಕ್ಕೆ ಯಾರೋ ಕಟ್ಟುನಿಟ್ಟು ಕಲಿಸಿದ್ದಾರೆ. ಮೊದಲ ಸಾಲಿನಲ್ಲೇ ಅರ್ಥವಾಗದ ಅಪ್ಪಣೆ ಕಂಡು ಕೆಲಸ ಬಿಟ್ಟು ಕುಳಿತಿದೆ. ಅವಳಿಗೆ ನಾಚಿಕೆಯಾಯಿತು. “ಅಯ್ಯ, ಇಷ್ಟೇಯಾ, ತೆಗೆದ್ರಾತು” ಎಂದು ಅಳಿಸಲು ಕೈ ಚಾಚಿದಳು.

“ಅಳಿಸಡಿ” ಎಂದ ಇವನು. “ಬರೆದದ್ದು ತಪ್ಪಲ್ಲ. ಅದ್ನ ನೋಡಿ ಗಾಬರಿ ಆಗದು ತಪ್ಪು. ಅದನ್ನೇ ಸರಿ ಮಾಡ್ತೆ.”

ಅಷ್ಟು ಹೊತ್ತೂ ಪರದೆಯನ್ನೇ ನೋಡುತ್ತಿದ್ದ ಅವಳು ಆಗ ತಿರುಗಿ ಅವನ ಮುಖ ನೋಡಿದಳು. ನಾನು ಅದನ್ನು ಕಂಡೆ. ಕೇಸರಿಬಾತು ತಂದ ಅವಳ ಅಮ್ಮನೂ ಕಂಡರು. ಕಾಣದವನು ಒಬ್ಬನೇ. ಅವನು ಅಲ್ಲೇ ಕುಳಿತು ತಂತ್ರಾಂಶವನ್ನು ತಿದ್ದಿದ. ಶ್ರೀಯನ್ನು ಹೊತ್ತುಕೊಂಡೇ ಅದು ಬಿಲ್ಡ್ ಆಯಿತು. ಭಜನೆ ಪುಸ್ತಕದ ಮೊದಲ ಪುಟ ಪ್ರಿಂಟರಿನಿಂದ ಬೆಚ್ಚಗೆ ಹೊರಬಂದಾಗ ಆ ಮನೆಯವರೆಲ್ಲ ಉಸಿರು ಬಿಟ್ಟರು. ಮುದ್ರಿಸಿ ಕೊಡುವ ದಿನ ಹತ್ತಿರ ಬಂದು, ಭಜನೆಯವರು ದಿನಾ ಬಂದು ಕೇಳುತ್ತಿದ್ದರಂತೆ.

ಆಮೇಲೆ ಆ ತಿದ್ದುಪಡಿಯನ್ನು ಎಲ್ಲರಿಗೂ ಸಲ್ಲುವಂತೆ ಕಳಿಸಿದಾಗ, ಯಾವುದೋ ದೇಶದವನು ಇದು ಯಾವ ಕಂಪನಿಯ ಗುರುತು ಎಂದು ಕೇಳಿದನಂತೆ. ‘ನಮ್ಮಲ್ಲಿ ಹೀಗೆ ಶುರು ಮಾಡುತ್ತೇವೆ’ ಎಂದು ಇವನು ಬರೆದ. ‘ಸರಿ’ ಎಂದು ಒಪ್ಪಿಕೊಂಡರಂತೆ. ಹೇರೂರಿನ ಸೋದರಮಾವನಿಗಿಂತ ಅವರೇ ವಾಸಿ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದ, “ಅತ್ತಿಗೆ, ಅವ್ರು ಎಂತಕ್ಕೆ ಗೋತ್ರ ಕೇಳಿದ್ದು?”

“ಹೆಣ್ಣು ನೋಡಲೆ ಬೈಂದ ಹೇಳಿ ತಿಳ್ಕಂಡ.”

ಶಿರಸಿಯಲ್ಲಿ ಇಳಿದೆವು. ಸಿದ್ದಾಪುರದ ಬಸ್ಸು ಹತ್ತಿದ ಮೇಲೆ ಹೇಳಿದ, “ಮತ್ತೊಂದ್ಸಲ ಹೋಗಿ ಬರವು.”

“ಎಂತಕ್ಕೆ? ಇನ್ನೂ ಎಂತಾರು ಹಾಳಿದ್ದಾ?”

“ಇಲ್ಲೆ. ಎಲ್ಲಾ ಸರಿ ಇದ್ದು.”

ಸರಿ ಇದ್ದದ್ದನ್ನು ಸರಿ ಇದೆ ಎಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮದುವೆಯಾಯಿತು. ಅವಳು ಊರು ಬಿಡುವುದಿಲ್ಲವೆಂದಳು. “ಅಡ್ಡಿಲ್ಲೆ, ಆನೇ ಬತ್ತೆ. ಎಂಗೆ ಎಲ್ಲಿ ಕೂತ್ರೂ ಒಂದೇ” ಎಂದ. ಮುಹೂರ್ತದ ಹೊತ್ತಿಗೆ ಮೈಕು ಕೈಕೊಟ್ಟಾಗ ಬಾಸಿಂಗ ಕಟ್ಟಿಕೊಂಡ ಮದುಮಗನೇ ವೈರಿನ ನಡುಮಧ್ಯ ಎಲ್ಲಿದೆ ಎಂದು ಹುಡುಕುತ್ತ ಹೊರಟದ್ದನ್ನು ಬಿಟ್ಟರೆ ಎಲ್ಲ ಸುಸೂತ್ರವಾಗಿ ನಡೆಯಿತು. ಅವನ ಬಟ್ಟೆಬರೆ, ಕಂಪ್ಯೂಟರುಗಳನ್ನು ಗಾಡಿಗೆ ಹೇರಿ ಕಳಿಸಿದ ದಿನ ನಾನು ಜಗಲಿಯಲ್ಲಿ ಕಾಲು ಚಾಚಿ ಕುಳಿತು ಅಬ್ಬಾ ಎಂದೆ. ಎಷ್ಟು ವರ್ಷದ ಭಾರ ಇಳಿದಿತ್ತು! ಇನ್ನು ಹುಣಸೆಹಣ್ಣು ಹಳೆಯದೋ ಹೊಸದೋ ಹೇಳುವವರಿಲ್ಲ. ಉಪ್ಪು ನನ್ನ ಮರ್ಜಿ, ಖಾರ ನನ್ನ ಮರ್ಜಿ.

ಕಳೆದ ವಾರ ಒಂದೆಲಗದ ತಂಬುಳಿ ಮಾಡಿದ್ದೆ. ಯಜಮಾನರು ಎರಡು ಸಲ ಬಡಿಸಿಕೊಂಡು ಉಂಡು, ಎದ್ದು ಅಂಗಡಿಗೆ ಹೋದರು. ಆಮೇಲೆ ನಾನು ಬಾಯಿಗಿಟ್ಟರೆ ಉಪ್ಪೇ ಇಲ್ಲ. ಮರೆತೇ ಹೋಗಿತ್ತು. ಈ ಮನೆಯಲ್ಲಿ ಇನ್ನು ನಾನು ಏನು ಮಾಡಿ ಬಡಿಸಿದರೂ ಕೇಳುವವರಿಲ್ಲ ಎಂದು ಅನ್ನಿಸಿತು. ಮಾಳಿಗೆಯ ಮೆಟ್ಟಿಲ ಕಡೆ ಸುಮ್ಮನೆ ನೋಡಿದೆ. ಅವನ ವರದಿ ಕೇಳುವುದಕ್ಕೇ ಅಷ್ಟು ವರ್ಷ ಅಡುಗೆ ಮಾಡಿದ್ದೆನೋ ಏನೋ.

ನಿನ್ನೆ ಮಧ್ಯಾಹ್ನ ಫೋನು ಬಂತು.

“ಅತ್ತಿಗೆ, ಒಂದು ತೊಂದರೆ. ಒಂದೆಲಗದ ತಂಬ್ಳಿ. ಅಲ್ಲಿ ಸರಿ ಇತ್ತು, ಇಲ್ಲಿ ಆಗ್ತಿಲ್ಲೆ.”

“ಮಾಡಿದ್ದು ಯಾರು?”

“ಆನೇ. ಹೆಂಡ್ತಿಗೆ ಅಂಗಡಿ ಕೆಲಸ ಜೋರಿದ್ದು. ಅಡುಗೆ ಎನ್ನ ಪಾಲಿಂದು.”

ನಾನು ನೆಟ್ಟಗೆ ಕುಳಿತು, ಅವನದೇ ಕ್ರಮದಲ್ಲಿ ಕೇಳುತ್ತ ಹೋದೆ. ಎಲೆ ಎಳೆಯದಾ? ಎಳೆಯದು. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದೆಯಾ? ಹುರಿದೆ. ಮಜ್ಜಿಗೆ ಹುಳಿ ಬಂದಿದೆಯಾ? ಇಲ್ಲ, ತಾಜಾ. ಒಂದು ಸಲಕ್ಕೆ ಒಂದೇ ಬದಲಾಯಿಸಿ ನೋಡಿದೆಯಾ? ನೋಡಿದ್ದಾನೆ, ವಾರದಿಂದ. ಅವನ ಹೆಂಡತಿ ದಿನಾ ತಂಬುಳಿಯನ್ನೇ ಉಣ್ಣುತ್ತಿದ್ದಾಳಂತೆ, ಪಾಪ. ಕೊನೆಗೆ ಕೇಳಿದೆ:

“ಕೊನೆಗೆ ಸರಿ ಇದ್ದದ್ದು ಯಾವಾಗ?”

“ನಿನ್ನ ಕೈಲಿ ಉಂಡಾಗ.”

“ಇಲ್ಲಿ ಕೂತು ಆಗ್ತಿಲ್ಲೆ ಹೇಳಾದ್ರೆ ಅಲ್ಲಿಗೇ ಬಂದು ನೋಡವು” ಎಂದು ಫೋನಿಟ್ಟೆ.

ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಯಜಮಾನರು, ನಮ್ಮ ಹಿತ್ತಿಲಿನ ಒಂದೆಲಗ ಕೊಯ್ದುಕೊಂಡು ಹೋಗು, ಮಜ್ಜಿಗೆಯನ್ನೂ ಒಯ್ಯಿ ಎಂದರು. ನಾನು ಏನನ್ನೂ ಒಯ್ಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾಗಬೇಕು. ಸೊಪ್ಪು ಅಲ್ಲಿಯದೇ ಇರಲಿ, ಮಜ್ಜಿಗೆ ಅಲ್ಲಿಯದೇ ಇರಲಿ. ಕೈ ಮಾತ್ರ ನನ್ನದು.